ಶಿಕಾಗೋದಿಂದ ರೈಲಲ್ಲೇ ಹೋಗ್ತೀನಿ ಅಂತ ಮಾವ

ಸುರೇಶ್ ಮಾವ: (ಫಾರ್ವರ್ಡ್: ಅಮೆರಿಕಾದ ಪ್ಯಾಸೆಂಜರ್ ರೈಲು ಕಂಪನಿ ಆಮ್‌ಟ್ರಾಕ್‌ನ ಮ್ಯಾಪ್) ನೋಡ್ರಪ್ಪಾ ಎಲ್ರೂ, 499 ಡಾಲರ್ ಪಾಸ್ ತಗೊಂಡ್ರೆ 30 ದಿನ ಅಮೆರಿಕಾ ಪೂರ್ತಿ ಸುತ್ತಬಹುದಂತೆ. ನಾಮಕರಣ ಮುಗಿದ್ಮೇಲೆ ನಾನೂ ನಿಮ್ಮತ್ತೆನೂ ಶಿಕಾಗೋದಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ರೈಲಲ್ಲೇ. ಫೈನಲ್

ರಶ್ಮಿ ನ್ಯೂಜೆರ್ಸಿ: ಮಾವ ಪೂರ್ತಿ ಓದಿ, ಆ 30 ದಿನದಲ್ಲಿ 10 ಸಲ ಹತ್ತೋಕೆ ಮಾತ್ರ, ಮಧ್ಯೆ ಇಳಿದು ಮತ್ತೆ ಹತ್ತಿದ್ರೆ ಆ ಹತ್ತರಲ್ಲಿ ಒಂದು ಖರ್ಚು, ಟ್ರೈನ್ ಬದಲಾಯಿಸಿದ್ರೂ ಒಂದು ಖರ್ಚು, ಮಲಗೋ ರೂಮ್ ಅದ್ರಲ್ಲಿ ಬರಲ್ಲ ಬರೀ ಸೀಟು

ಪದ್ಮ ಚಿಕ್ಕಮ್ಮ ಮಂಡ್ಯ: ಬುಡಣ್ಣ, ಅತ್ತಿಗೆ ಮಂಡಿ ನೋವು ಇಟ್ಕಂಡು ಎಷ್ಟೊತ್ತು ಕೂತಿರ್ತಾರೆ

ರಶ್ಮಿ ನ್ಯೂಜೆರ್ಸಿ: ಸುಮಾರು 52 ಗಂಟೆ ಚಿಕ್ಕಮ್ಮ, ಎರಡು ರಾತ್ರಿ 🙏 ಅದೂ ಟೈಮಿಗೆ ಓಡಿದ್ರೆ. ಅಲ್ಲಿ ಹಳಿ ಹೆಚ್ಚಿನಂಶ ಗೂಡ್ಸ್ ಕಂಪನಿಗಳದ್ದು, ಪ್ಯಾಸೆಂಜರ್‌ಗೆ ಮೊದಲು ದಾರಿ ಬಿಡ್ಬೇಕು ಅಂತ ಕಾನೂನೇ ಇದೆ, ಆದ್ರೆ ಆ ಉದ್ದುದ್ದ ಗೂಡ್ಸು ಪಕ್ಕಕ್ಕೆ ನಿಲ್ಸೋ ಲೂಪ್ ಲೈನಲ್ಲಿ ಹಿಡಿಸ್ದೇ ಇದ್ರೆ ಯಾರು ಯಾರಿಗೆ ದಾರಿ ಬಿಡ್ತಾರೆ

ಸುರೇಶ್ ಮಾವ: ಅಶೋಕಪುರಂ ರೈಲ್ವೆ ವರ್ಕ್‌ಶಾಪಲ್ಲಿ ರಿಟೈರ್ ಆದೋನಿಗೆ ಗೂಡ್ಸ್ ಪಾಠ ಹೇಳ್ತಾಳೆ ಇವಳು 😂

ಕಿರಣ: ಮಾವ ಆ ಟ್ರೈನು ಸ್ಯಾನ್‌ಫ್ರಾನ್ಸಿಸ್ಕೋಗೇ ಹೋಗಲ್ಲ. ಎಮರಿವಿಲ್ ಅಂತ, ಕೊಲ್ಲಿ ಈಚೆ ಇಳಿಸಿ ಬಸ್ ಹತ್ತಿಸ್ತಾರೆ

ಸುರೇಶ್ ಮಾವ: ಅದಕ್ಕೇನೀಗ? ಯಶವಂತಪುರದಲ್ಲಿ ಇಳಿದು ಸಿಟಿ ಬಸ್ಸಲ್ಲಿ ನಿಮ್ಮನೆಗೆ ಬರಲ್ವಾ ನಾನು

ರಶ್ಮಿ ನ್ಯೂಜೆರ್ಸಿ: ಇಳಿಯೋದೇ ಮಾವ ಪ್ರಾಬ್ಲಮ್ಮು. ಸಾಲ್ಟ್ ಲೇಕ್ ಸಿಟಿ ನೋಡ್ಬೇಕು ಅಂದ್ರಲ್ಲ, ಅಲ್ಲಿಗೆ ಬರೋದು ರಾತ್ರಿ ಹನ್ನೊಂದರ ಮೇಲೆ, ದಿನಕ್ಕೆ ಒಂದೇ ಗಾಡಿ, ಇಳಿದ್ರೆ ಮುಂದಿನದು ನಾಳೆ ಅದೇ ಸರಿರಾತ್ರಿಗೆ. ಲಾಸ್ ವೇಗಸ್‌ಗೆ 1997ರಿಂದ ಆಮ್‌ಟ್ರಾಕ್ ಟ್ರೈನೇ ಇಲ್ಲ, ಹ್ಯೂಸ್ಟನ್ ಅಂಥ ಊರಿಗೆ ವಾರಕ್ಕೆ ಮೂರೇ ದಿನ. ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್ ಕಡೆ ಟ್ರೈನಲ್ಲಿ ಎಷ್ಟು ಬೇಕಾದ್ರೂ ಸುತ್ತಿ ನಾನೇ ಹತ್ತಿಸ್ತೀನಿ, ಅಲ್ಲಿ ಹಳೀನೂ ಬಹುಪಾಲು ಆಮ್‌ಟ್ರಾಕ್‌ದೇ

ಸುರೇಶ್ ಮಾವ: ಊರು ನೋಡೋಕೆ ಯಾರಮ್ಮ ಹೋಗ್ತಿರೋದು. ಡೆನ್ವರ್ ಬಿಟ್ಮೇಲೆ ರಾಕೀಸ್ ಬೆಟ್ಟ ಹತ್ತಿ ಮೊಫಾಟ್ ಸುರಂಗ, 1928ರದ್ದು, ಹತ್ತು ಕಿಲೋಮೀಟರ್ ಬೆಟ್ಟದೊಳಗೆ!! ಆಮೇಲೆ ಕೊಲೊರಾಡೋ ನದಿ ಪಕ್ಕದಲ್ಲೇ ಗಂಟೆಗಟ್ಲೆ, ಎಲ್ಲಾ ಹಗಲಲ್ಲೇ, ಮಾರನೇ ದಿನ ಸಿಯೆರಾ ಬೆಟ್ಟಾನೂ ಹಗಲಲ್ಲೇ, ಸೂರಿನವರೆಗೂ ಗಾಜಿರೋ ಬೋಗಿ ಬೇರೆ. ನೀನು ಅದ್ರ ಮೇಲೆ ವಿಮಾನದಲ್ಲಿ ಕಿಟಕಿ ಮುಚ್ಕೊಂಡು ಮಲಗ್ತೀಯ

ಕಿರಣ: ಪಾಯಿಂಟ್ ಇದೆ 👆

ಪದ್ಮ ಚಿಕ್ಕಮ್ಮ ಮಂಡ್ಯ: ಊಟ?

ರಶ್ಮಿ ನ್ಯೂಜೆರ್ಸಿ: ರೂಮ್ ತಗೊಂಡ್ರೆ ಊಟ ಅದ್ರಲ್ಲೇ ಸೇರಿರುತ್ತೆ ಚಿಕ್ಕಮ್ಮ. ಸರಿ ಮಾವ, ಡೆನ್ವರ್‌ವರೆಗೂ ಫ್ಲೈಟು, ಅಲ್ಲಿಂದ ಟ್ರೈನು, ಒಂದೇ ರಾತ್ರಿ, ಬೆಟ್ಟ ಒಂದೂ ತಪ್ಪಲ್ಲ. ಒಪ್ಕೊಳಿ

ಸುರೇಶ್ ಮಾವ: ಮಿಸಿಸಿಪ್ಪಿ ನದಿ ಸೇತುವೆ ತಪ್ಪುತ್ತಲ್ಲ. ಶಿಕಾಗೋದಿಂದಲೇ

ಶಾರದತ್ತೆ: ರಶ್ಮಿ, ನಂಗೆ ಡೆನ್ವರ್‌ವರೆಗೂ ಫ್ಲೈಟ್ ಹಾಕಮ್ಮ, ಅಲ್ಲಿಂದ ಮಲಗೋ ರೂಮ್. ನಿಮ್ಮಾವ ಶಿಕಾಗೋದಿಂದ ಕೂತ್ಕೊಂಡ್ ಬರ್ಲಿ, ಡೆನ್ವರಲ್ಲಿ ಹತ್ಕೋತೀನಿ