ಸ್ಕೇಲ್ ಹಿಡಿದರೂ ಅಳತೆ ತಪ್ಪುತ್ತಿದೆ, ಏನು ಮಾಡಿಸಲಿ?

ಪ್ರಶ್ನೆ: ಮಗಳು ಮೂರನೇ ತರಗತಿ. 5 ಸೆಂ.ಮೀ. ಗೆರೆ ಅಳೆದು 6 ಎನ್ನುತ್ತಾಳೆ. ಚೌಕವನ್ನು ಓರೆಯಾಗಿ ಬರೆದರೆ ಅದು ಚೌಕವೇ ಅಲ್ಲವಂತೆ. ಸುತ್ತಳತೆಗೂ ವಿಸ್ತೀರ್ಣಕ್ಕೂ ವ್ಯತ್ಯಾಸ ಗೊತ್ತಾಗುತ್ತಿಲ್ಲ. ಮನೆಯಲ್ಲಿ ಏನು ಮಾಡಿಸಬಹುದು? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: 5 ಹೋಗಿ 6 ಆಗುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಗೆರೆಯ ತುದಿಯನ್ನು 1ಕ್ಕೆ ಹಿಡಿಯುವುದು, ಇಲ್ಲವೇ ನಡುವಿನ ಜಾಗ ಬಿಟ್ಟು ಗೀಟುಗಳನ್ನು ಎಣಿಸುವುದು. 0ಯಿಂದ 5ರವರೆಗೆ ಗೀಟು ಆರು, ಜಾಗ ಐದೇ. ‘ಸೊನ್ನೆಯಿಂದ ಶುರು ಮಾಡು’ ಎಂದು ಹೇಳಿಕೊಟ್ಟರೆ ಉತ್ತರವೇನೋ ಸರಿಹೋಗುತ್ತದೆ, ಆದರೆ ಆ ಅಂಕಿ ಏನನ್ನು ಎಣಿಸುತ್ತಿದೆ ಎನ್ನುವುದು ಮಗುವಿಗೆ ತಿಳಿದಿರುವುದಿಲ್ಲ.

ಸ್ವಲ್ಪ ದಿನ ಸ್ಕೇಲ್ ಪಕ್ಕಕ್ಕಿಡಿ. ದಪ್ಪ ಕಾಗದದಲ್ಲಿ 1 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರದ 10 ತುಂಡು ಕತ್ತರಿಸಿ, ಐದು ಕೆಂಪು, ಐದು ಹಳದಿ. ಎತ್ತರ ಇದ್ದರೆ ಪುಟ್ಟ ಬೆರಳಿಗೆ ಹಿಡಿಯಲು ಸಿಗುತ್ತದೆ. ಉದ್ದನೆಯ ಪಟ್ಟಿಯ ಮೇಲೆ ಒಂದಾದ ಮೇಲೊಂದು ಬಣ್ಣ ಬರುವಂತೆ ಅವಳೇ ಅಂಟಿಸಲಿ. ನಡುವೆ ಸಂದು ಬಿಡಬಾರದು, ಒಂದರ ಮೇಲೊಂದು ಏರಲೂಬಾರದು. ಮೊದಲು ಅಂಕಿ ಬೇಡ, ಬಣ್ಣ ಎಣಿಸಿಯೇ ಅಳೆಯಲಿ. ಆಮೇಲೆ ಪ್ರತಿ ತುಂಡು ಮುಗಿಯುವ ಅಂಚಿನಲ್ಲಿ, ಅಲ್ಲಿಗೆ ಎಷ್ಟು ತುಂಡು ಆಯಿತೋ ಆ ಅಂಕಿ ಬರೆಯಿಸಿ. ಒಂದೂ ತುಂಡು ಆಗದ ಎಡ ತುದಿಗೆ 0 ತಾನಾಗಿಯೇ ಬರುತ್ತದೆ. ಕಲಿತಿದ್ದಾಳೋ ಇಲ್ಲವೋ ನೋಡಲು ಗೆರೆಯನ್ನು 3ರಿಂದ 8ರವರೆಗೆ ಇಟ್ಟು ಕೇಳಿ. 8 ಎಂದರೆ ಇನ್ನೂ ಕೊನೆಯ ಅಂಕಿಯನ್ನು ಓದುತ್ತಿದ್ದಾಳೆ ಎಂದರ್ಥ.

ಉತ್ತರ 2: ಓರೆ ಚೌಕದ ವಿಷಯಕ್ಕೆ ಬಂದರೆ, ಮಗು ಆಕೃತಿಯನ್ನು ಗುರುತಿಸುತ್ತಿರುವುದು ನಿಂತ ಭಂಗಿಯಿಂದ, ಗುಣದಿಂದಲ್ಲ. ರಟ್ಟಿನ ಚೌಕ ಕತ್ತರಿಸಿ, ಮೇಜಿನ ಮೇಲೆ ನಿಧಾನವಾಗಿ ತಿರುಗಿಸುತ್ತಾ ‘ಈಗಲೂ ಚೌಕವೇ?’ ಎಂದು ಕೇಳಿ. ಪರೀಕ್ಷಿಸಲು ಅವಳ ಕೈಗೊಂದು ಸಾಧನ ಬೇಕು: ಯಾವುದೇ ಹರಿದ ಕಾಗದವನ್ನು ಒಮ್ಮೆ ಮಡಿಸಿ, ಮಡಿಕೆಯ ಗೆರೆ ತನ್ನ ಮೇಲೆಯೇ ಕೂರುವಂತೆ ಮತ್ತೊಮ್ಮೆ ಮಡಿಸಿದರೆ ಮೂಲೆಯಲ್ಲಿ ಲಂಬಕೋನ ಸಿಗುತ್ತದೆ. ಅದನ್ನು ನಾಲ್ಕೂ ಮೂಲೆಗೆ ಹಿಡಿದು ನೋಡಲಿ. ಬಾಹುಗಳು ಸಮ ಇದ್ದರೂ ಮೂಲೆ ಹೊಂದದ ವಜ್ರಾಕೃತಿಯನ್ನೂ ಪಕ್ಕದಲ್ಲಿಡಿ, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ತ್ರಿಭುಜವನ್ನೂ ತಲೆಕೆಳಗು, ಸಪೂರ, ಓರೆ, ಹೀಗೆ ಬಗೆಬಗೆಯಾಗಿ ಬರೆದು ತೋರಿಸಿ.

ಉತ್ತರ 3: ಸುತ್ತಳತೆ, ವಿಸ್ತೀರ್ಣದ ಸೂತ್ರ ಈಗಲೇ ಬೇಡವೇ ಬೇಡ. 2 ಸೆಂ.ಮೀ. ಚೌಕಗಳಿರುವ ಹಾಳೆ, ಅಷ್ಟೇ ಉದ್ದದ 12 ಕಡ್ಡಿ ಸಾಕು. ಎಲ್ಲ ಕಡ್ಡಿಯನ್ನೂ ಬಳಸಿ ಬೇಲಿ ಕಟ್ಟಲಿ. 1×5, 2×4, 3×3 ಮೂರೂ ಆಗುತ್ತವೆ. ಬೇಲಿ ಪ್ರತಿ ಸಲವೂ 12 ಕಡ್ಡಿಯೇ, ಒಳಗಿನ ಚೌಕ ಮಾತ್ರ 5, 8, 9. ಎರಡೂ ಬೇರೆ ಎಂದು ಬಾಯಲ್ಲಿ ಹೇಳುವುದಕ್ಕಿಂತ ಇದು ಬೇಗ ನಾಟುತ್ತದೆ.

ಕಡ್ಡಿ ತೆಗೆದ ಮೇಲೆ ಒಂದು ತಪ್ಪು ಕಾದಿರುತ್ತದೆ. 3×3 ಚೌಕದ ಸುತ್ತಳತೆ ಕೇಳಿದರೆ ಅಂಚಿನ ಚೌಕಗಳನ್ನೇ ಎಣಿಸಿ 8 ಎನ್ನುತ್ತಾರೆ. ಮೂಲೆಯ ಚೌಕಕ್ಕೆ ಹೊರಗಿನ ಬದಿ ಎರಡಿದ್ದರೂ ಒಂದೇ ಸಲ ಲೆಕ್ಕಕ್ಕೆ ಬರುವುದೇ ಇದಕ್ಕೆ ಕಾರಣ. ಹೊರಗಿನ ಪ್ರತಿ ಬದಿಯ ಮೇಲೂ ಪೆನ್ಸಿಲಿನಿಂದ ಚುಕ್ಕಿ ಇಡುತ್ತಾ ಹೋದರೆ 12 ಬರುತ್ತದೆ.

ಉತ್ತರ 4: ಮೊದಲ ಉತ್ತರಕ್ಕೊಂದು ತಿದ್ದುಪಡಿ. ಸ್ಕೇಲನ್ನು ತೀರಾ ದೂರ ಇಡಬೇಡಿ, ಶಾಲೆಯಲ್ಲಿ ಅದೇ ಬೇಕು. ಅಂಟಿಸಿದ ಪಟ್ಟಿ ಸಿದ್ಧವಾದ ದಿನವೇ ಅಂಗಡಿಯ ಸ್ಕೇಲಿನ ಪಕ್ಕದಲ್ಲಿಟ್ಟು ಹೋಲಿಸಲಿ. ಬಹಳ ಸ್ಕೇಲ್‌ಗಳಲ್ಲಿ 0 ಅಂಚಿನಲ್ಲಿರದೆ ಸ್ವಲ್ಪ ಒಳಗಿರುತ್ತದೆ, ಅದನ್ನು ಬೆರಳಿಟ್ಟು ತೋರಿಸಿ. ಹತ್ತು ತುಂಡು ಸೇರಿ ಒಂದೆರಡು ಮಿ.ಮೀ. ಕಡಿಮೆ ಬಂದರೆ ಎಲ್ಲೋ ತುಂಡು ಏರಿದೆ ಅಥವಾ ಕತ್ತರಿ ಒಳಕ್ಕೆ ಹೋಗಿದೆ, ಅವಳೇ ಹುಡುಕಲಿ. ದುಂಡಗಿನ ಡಬ್ಬಿಯ ಸುತ್ತು ಅಳೆಯಲು ದಾರಕ್ಕಿಂತ ಕಾಗದದ ಪಟ್ಟಿ ವಾಸಿ; ಎಳೆದರೆ ಹಿಗ್ಗುವ ದಾರದಲ್ಲಿ ಪ್ರತಿ ಸಲವೂ ಬೇರೆ ಅಳತೆ ಬರುತ್ತದೆ.