ತಾಳಮದ್ದಲೆಯ ಪೆನ್‌ಡ್ರೈವ್‌ನಲ್ಲಿ ವಿಎಲ್‌ಸಿಯನ್ನೂ ಹಾಕಿ ಕೊಡಬಹುದೇ?

ಪೆರ್ಲದವನು: ನಮ್ಮ ವಾಚನಾಲಯದಲ್ಲಿರುವ ಹಳೆಯ ತಾಳಮದ್ದಲೆ ಡಿವಿಡಿಗಳನ್ನು ಪೆನ್‌ಡ್ರೈವ್‌ಗೆ ಇಳಿಸಿ 250 ರೂಪಾಯಿಗೆ ಕೊಡಬೇಕೆಂದಿದ್ದೇವೆ. ಕೇಳುವವರು ಹೆಚ್ಚಿನವರು ಹಿರಿಯರು. ಅವರಿಗೆ ಸುಲಭವಾಗಲೆಂದು ವಿಎಲ್‌ಸಿ ಪ್ಲೇಯರನ್ನೂ ಅದರಲ್ಲೇ ಹಾಕುವ ಯೋಚನೆ. ಹಣ ಪಡೆದರೆ ಕಾನೂನಿನ ತೊಡಕು ಬರುತ್ತದೆಯೇ?

ಉಪ್ಪಳದ ಕಂಪ್ಯೂಟರ್ ಅಂಗಡಿ: ನಾನಾದರೆ ಹಾಕುವುದಿಲ್ಲ. 2022ರಲ್ಲಿ ವಿಎಲ್‌ಸಿ ತಯಾರಿಸುವ ವಿಡಿಯೊಲ್ಯಾನ್ ಸಂಸ್ಥೆಯ ಜಾಲತಾಣವೇ ಭಾರತದಲ್ಲಿ ತೆರೆಯುತ್ತಿರಲಿಲ್ಲ. ಸುಮ್ಮನೆ ತಡೆಯುತ್ತಾರೆಯೇ?

ನೀರ್ಚಾಲು ಮಾಷ್ಟ್ರು: ತಡೆದದ್ದು ಜಾಲತಾಣವನ್ನು. ತಂತ್ರಾಂಶಕ್ಕೆ ನಿಷೇಧವಿರಲಿಲ್ಲ. ಅಂತರ್ಜಾಲ ಬಳಸುವವರ ಹಕ್ಕಿಗಾಗಿ ದುಡಿಯುವ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ವಿಡಿಯೊಲ್ಯಾನ್ ನೋಟಿಸು ಕಳುಹಿಸಿದ ಮೇಲೆ ಅದೇ ವರ್ಷ ನವೆಂಬರಿನಲ್ಲಿ ತಡೆ ತೆರವಾಯಿತು. ಕೇರಳದ ನಮ್ಮ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ. ಮುಕ್ತ ತಂತ್ರಾಂಶವೆಂದರೆ ಕಳ್ಳಮಾಲು ಎಂಬ ಭಯ ಹಬ್ಬಿಸಬೇಡಿ. ಧೈರ್ಯವಾಗಿ ಹಂಚಿ, ಯಾರ ಅಪ್ಪಣೆಯೂ ಬೇಡ.

ಮಂಜೇಶ್ವರದ ವಕೀಲೆ: ಮಾಷ್ಟ್ರೇ, ಅಪ್ಪಣೆ ಕೊಟ್ಟಾಗಿದೆ, ಆದರೆ ಷರತ್ತಿನ ಮೇಲೆ. ವಿಎಲ್‌ಸಿ ಇರುವುದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಪರವಾನಗಿಯಲ್ಲಿ. ಹಣ ಪಡೆಯಲು ಅಡ್ಡಿಯಿಲ್ಲ. ಪರವಾನಗಿಯ ಪ್ರತಿ ಜೊತೆಗಿರಬೇಕು. ಮೂಲ ಸಂಕೇತವನ್ನೂ (ಪ್ರೋಗ್ರಾಮರುಗಳು ಬರೆದ ಸೋರ್ಸ್ ಕೋಡ್) ಕೊಡಬೇಕು, ಇಲ್ಲವೇ ಕೇಳಿದವರಿಗೆ ಕೊಡುವುದಾಗಿ ಕನಿಷ್ಠ ಮೂರು ವರ್ಷ ಬಾಳುವ ಲಿಖಿತ ಭರವಸೆ ಕೊಡಬೇಕು. ವಿಎಲ್‌ಸಿ ತನ್ನೊಳಗೆ ಬಳಸುವ ಎಫ್‌ಎಫ್‌ಎಂಪೆಗ್‌ನಂತಹ ಸಿದ್ಧ ತಂತ್ರಾಂಶ ಭಾಗಗಳ (ಲೈಬ್ರರಿ) ಮೂಲ ಸಂಕೇತವೂ ಇದರಲ್ಲಿ ಸೇರುತ್ತದೆ.

ನೀರ್ಚಾಲು ಮಾಷ್ಟ್ರು: ಅರ್ಥ ಕೇಳಲು ಕೂರುವ ಅಜ್ಜನಿಗೆ ಮೂಲ ಸಂಕೇತ ಏಕೆ? ಪೆರ್ಲದವರ ಮೇಲೆ ಯಾರು ದಾವೆ ಹೂಡುತ್ತಾರೆ?

ಮಂಜೇಶ್ವರದ ವಕೀಲೆ: ಅಜ್ಜನಿಗೆ ಬೇಡ, ಮೊಮ್ಮಗಳಿಗೆ ಬೇಕಾದೀತು. ವಿಎಲ್‌ಸಿ ಬರೆದವರು ಸಂಬಳ ಕೇಳಲಿಲ್ಲ, ಇದೊಂದನ್ನೇ ಕೇಳಿದರು. 2011ರಲ್ಲಿ ಆಪಲ್‌ನ ಆಪ್ ಸ್ಟೋರ್‌ನಿಂದ ವಿಎಲ್‌ಸಿ ಹೊರಬಿದ್ದದ್ದು ಅಲ್ಲಿನ ನಿಯಮಗಳು ಜಿಪಿಎಲ್‌ಗೆ ಒಗ್ಗದ್ದರಿಂದ. ದೂರು ಕೊಟ್ಟವರು ಅದನ್ನು ಬರೆದವರಲ್ಲೇ ಒಬ್ಬರು.

ಬೆಂಗಳೂರಿನಲ್ಲಿರುವ ಕುಂಬಳೆಯವನು: ಪೇಟೆಂಟ್ ವಿಷಯವನ್ನು ಯಾರೂ ಎತ್ತಲಿಲ್ಲ. ಎಚ್.264 ವಿಡಿಯೊ ತಂತ್ರಕ್ಕೆ ಹೊರದೇಶಗಳಲ್ಲಿ ಶುಲ್ಕವಿದೆ. ಫೆಡೋರಾ ಎಂಬ ಲಿನಕ್ಸ್ ರೂಪದವರು 2022ರಲ್ಲಿ ಇದೇ ಅಂಜಿಕೆಯಿಂದ ಆ ವಿಡಿಯೊಗೆ ಗ್ರಾಫಿಕ್ಸ್ ಚಿಪ್ ಕೊಡುವ ಹಾರ್ಡ್‌ವೇರ್ ನೆರವನ್ನೇ ತೆಗೆದರು.

ಮಂಜೇಶ್ವರದ ವಕೀಲೆ: ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಬರಿಯ ಕಂಪ್ಯೂಟರ್ ಪ್ರೋಗ್ರಾಮನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. ‘ಬರಿಯ’ ಎಂಬುದರ ಅರ್ಥದ ಮೇಲೆ ವಾದಗಳು ನಡೆಯುತ್ತಲೇ ಇವೆ. ನನಗೆ ಹೆಚ್ಚಿನ ಚಿಂತೆ ಡಿವಿಡಿಯ ಬೀಗದ್ದು, ಅಂದರೆ ನಕಲು ತಡೆಯಲು ಹಾಕುವ ತಾಂತ್ರಿಕ ರಕ್ಷಣೆಯದ್ದು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನಡಿ ಎರಡು ವರ್ಷದವರೆಗೆ ಸೆರೆವಾಸವಿದೆ.

ಉಪ್ಪಳದ ಕಂಪ್ಯೂಟರ್ ಅಂಗಡಿ: ಸಿನಿಮಾ ಡಿವಿಡಿಗಳಿಗೆ ಆ ಬೀಗ ಇರುತ್ತದೆ. ಮದುವೆ ವಿಡಿಯೊದವರು ಖಾಲಿ ಡಿಸ್ಕಿಗೆ ಬರೆದುಕೊಟ್ಟ ತಾಳಮದ್ದಲೆಗೆ ಇರುವುದಿಲ್ಲ. ಅಂಥವನ್ನು ನಾನೇ ನೂರಾರು ಬರೆದಿದ್ದೇನೆ.

ಮಂಜೇಶ್ವರದ ವಕೀಲೆ: ಹಾಗಾದರೆ ಉಳಿದದ್ದು ಕಲಾವಿದರ ಹಕ್ಕು. ಪ್ರದರ್ಶನದ ಮೇಲೆ ಅದು 50 ವರ್ಷ ಇರುತ್ತದೆ. ಭಾಗವತರನ್ನೂ ಅರ್ಥಧಾರಿಗಳನ್ನೂ ಕೇಳಿದ್ದೀರಾ?

ಪೆರ್ಲದವನು: ಇಲ್ಲ ಅಕ್ಕ, ಪ್ಲೇಯರಿನ ಚಿಂತೆಯಲ್ಲಿ ಅದು ಹೊಳೆಯಲೇ ಇಲ್ಲ. ಮೂಲ ಸಂಕೇತಕ್ಕೆ ಬೇರೆ ಫೋಲ್ಡರ್ ಮಾಡುತ್ತೇನೆ. ತೀರಿಕೊಂಡ ಅರ್ಥಧಾರಿಗಳ ಮನೆಯವರನ್ನು ಈ ಭಾನುವಾರದಿಂದಲೇ ಕಂಡು ಬರುತ್ತೇನೆ. ಅವರು ಒಪ್ಪುವವರೆಗೆ ಪೆನ್‌ಡ್ರೈವ್ ಹೊರಗೆ ಬರುವುದಿಲ್ಲ.