ಸಹಾಯ ಬೇಕು: ಗ್ಲೈಡರ್ ನೆಲ ಮುಟ್ಟಿ ಪುಟಿದಾಗ ಏರ್‌ಬ್ರೇಕ್ ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು, ಈಗ ಕೆಲಸ ಪುಣೆಯಲ್ಲಿ. ರಜೆ ದಿನ ಇಲ್ಲೇ ಗ್ಲೈಡರ್ ಹಾರಿಸಲು ಕಲಿಯುತ್ತಿದ್ದೇನೆ. ವಿಂಚ್ ಲಾಂಚ್ (ನೆಲದ ಯಂತ್ರ ಕೇಬಲ್‌ನಿಂದ ಎಳೆದು ಮೇಲೇರಿಸುವುದು), ಸರ್ಕ್ಯೂಟ್ (ಇಳಿಯುವ ಮುಂಚೆ ರನ್‌ವೇ ಪಕ್ಕ ಹಾಕುವ ಸುತ್ತು) ಎಲ್ಲ ಕೈಗೆ ಹತ್ತಿದೆ. ತಲೆಬಿಸಿ ಇರುವುದು ಲ್ಯಾಂಡಿಂಗ್‌ನಲ್ಲಿ.

ಗ್ಲೈಡರ್‌ಗೆ ಇಂಜಿನ್ ಇಲ್ಲ. ಮತ್ತೆ ಮೇಲೆದ್ದು ಒಂದು ಸುತ್ತು ಹೊಡೆದು ಬರೋಣ ಅಂದ್ರೆ ಆಗಲ್ಲ. ಅಪ್ರೋಚ್ ಸ್ಪೀಡ್ (ಇಳಿಯಲು ಬರುವಾಗಿನ ವೇಗ) ಸರಿಯಿದ್ದರೂ ಮಧ್ಯಾಹ್ನದ ಗಾಳಿಗೆ ಚಕ್ರ ನೆಲಕ್ಕೆ ತಾಗಿ ಒಮ್ಮೊಮ್ಮೆ ಪುಟಿಯುತ್ತದೆ. ಬಲಗೈಯಲ್ಲಿ ಮೂಗು ಏರಿಸಿ ಇಳಿಸುವ ಸ್ಟಿಕ್, ಎಡಗೈಯಲ್ಲಿ ಏರ್‌ಬ್ರೇಕಿನ (ರೆಕ್ಕೆಯಿಂದ ಹೊರಗೆದ್ದು ಗ್ಲೈಡರನ್ನು ಬೇಗ ಇಳಿಸುವ ಫಲಕ) ನೀಲಿ ಲಿವರ್. ಯೋಚಿಸಲು ಸಮಯವೇ ಇರುವುದಿಲ್ಲ.

ಗಾಬರಿಯಲ್ಲಿ ಸ್ಟಿಕ್ ಮುಂದಕ್ಕೆ ತಳ್ಳಬಾರದು ಅನ್ನೋದು ಗೊತ್ತು. ತಳ್ಳಿದರೆ ಮೂಗು ನೆಲಕ್ಕೆ ಬಡಿದು, ಮತ್ತೆ ಎದ್ದು, ಸಲಸಲಕ್ಕೂ ಏಟು ಜೋರಾಗುತ್ತದೆ. ಗ್ಲೈಡರ್ ಮುರಿಯುವುದು ಹೆಚ್ಚಾಗಿ ಆಗಲೇ, ಮೊದಲ ಸಲ ಪುಟಿದಾಗ ಅಲ್ಲ.

ನನ್ನ ಗೊಂದಲ ಏರ್‌ಬ್ರೇಕ್‌ದು. ಪೂರ್ತಿ ತೆರೆದೇ ಇಟ್ಟರೆ ಲಿಫ್ಟ್ (ರೆಕ್ಕೆ ಮೇಲೆತ್ತುವ ಬಲ) ಕಡಿಮೆ, ಧಪ್ ಅಂತ ಕೂರುತ್ತದೆ. ಪೂರ್ತಿ ಮುಚ್ಚಿದರೆ ಇನ್ನೂ ಮೇಲೇಳುತ್ತದೆ, ರನ್‌ವೇ ಮುಗಿದುಹೋಗುತ್ತದೆ. ಒಬ್ಬರು ಇನ್‌ಸ್ಟ್ರಕ್ಟರ್ 'ಇದ್ದ ಹಾಗೇ ಬಿಡು' ಅಂತಾರೆ, ಇನ್ನೊಬ್ಬರು 'ಅರ್ಧ ಮುಚ್ಚು' ಅಂತಾರೆ. ಇಬ್ಬರೂ ಅನುಭವಿಗಳೇ. ನಿಂತ ಗ್ಲೈಡರ್‌ನಲ್ಲಿ ಕೂತು ಎರಡನ್ನೂ ಅಭ್ಯಾಸ ಮಾಡಿದೆ. ನೋಟ ರನ್‌ವೇ ತುದಿಯಲ್ಲೇ ಇಡುವುದನ್ನೂ ರೂಢಿ ಮಾಡಿಕೊಂಡೆ. ಆದರೂ ಆ ಹೊತ್ತಿಗೆ ಎಡಗೈ ತಡವರಿಸುತ್ತದೆ.

ಸೋಲೋ (ಒಬ್ಬನೇ ಹಾರಿಸುವ ದಿನ) ಹತ್ತಿರ ಬರುತ್ತಿದೆ, ಅದಕ್ಕೇ ಕೇಳುತ್ತಿದ್ದೇನೆ. ಎರಡು ಸೀಟಿನ ಟ್ರೈನಿಂಗ್ ಗ್ಲೈಡರ್ ಹಾರಿಸಿದವರು ದಯವಿಟ್ಟು ಹೇಳಿ: ಮೊಣಕಾಲೆತ್ತರಕ್ಕೆ ಪುಟಿದರೆ ಏರ್‌ಬ್ರೇಕ್ ಎಷ್ಟಿರಬೇಕು? ಆಳೆತ್ತರಕ್ಕೆ ಎದ್ದರೆ ಮೊದಲು ಸ್ಟಿಕ್ ಸರಿಮಾಡಬೇಕಾ, ಏರ್‌ಬ್ರೇಕಾ?